ಓದಿದ ಕಾಗದ ಮೇಜಿನ ಮೇಲಿರಬಾರದು

ರಜಿಯಾ ಬೇಗಂ ಅವರ ಸೇವಾ ಪುಸ್ತಕದಲ್ಲಿ ಮೂವತ್ತೊಂದು ವರ್ಷ ಹತ್ತು ತಿಂಗಳಿಂದ ಒಂದು ಹನಿ ಕೆಂಪು ಶಾಯಿ ಬಿದ್ದಿರಲಿಲ್ಲ. ನಿವೃತ್ತಿಗೆ ಆರೇ ತಿಂಗಳು ಬಾಕಿ. ಅಷ್ಟರಲ್ಲಿ ಈ ಹಾಳು ಕಂಪ್ಯೂಟರು ಕಾಗದ ನುಂಗುವುದಕ್ಕೆ ಶುರು ಮಾಡಿತು.

ರಾಯಚೂರಿನ ಒಂದು ವಿದ್ಯಾಸಂಸ್ಥೆಯ ಮುಖ್ಯ ಕಚೇರಿ ಅದು. ಹೆಸರು ಬೇಡ, ಹೇಳಿದರೆ ನಮಗೂ ಮೆಮೊ ಬಂದೀತು. ಸಂಸ್ಥೆಗೆ ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು ಶಾಲೆ. ಕಚೇರಿಗೆ ಬಂದ ಪ್ರತಿ ಕಾಗದಕ್ಕೂ ಆವಕ ಪುಸ್ತಕದಲ್ಲಿ ನಂಬರು ಹಾಕಿ ಫೈಲಿಗೆ ಸೇರಿಸುವುದು ರಜಿಯಾ ಬೇಗಂ ಕೆಲಸ. ಮದುವೆ ಕರೆಯೋಲೆಗೂ ನಂಬರು ಹಾಕಿದ ಹೆಂಗಸು ಅವರು. ನಂಬರು ಬಿದ್ದ ಕಾಗದಕ್ಕೆ ಸಾವಿಲ್ಲ ಎನ್ನುವುದು ಅವರ ನಂಬಿಕೆ. ಕಾಗದಗಳೆಲ್ಲ ಇ-ಮೇಲಿನಲ್ಲಿ ಬರತೊಡಗಿದ ಮೇಲೂ ಅವರು ಪುಸ್ತಕ ಬಿಡಲಿಲ್ಲ. ಪರದೆ ನೋಡುವುದು, ವಿಷಯ ಬರೆದುಕೊಳ್ಳುವುದು, ನಂಬರು ಹಾಕುವುದು.

ಈಗ ಏನಾಯಿತೆಂದರೆ, ಓದಿದ ಮೇಲ್ ಮಾಯವಾಗತೊಡಗಿತು. ಒಂದನ್ನು ಓದಿ ಎರಡನೆಯದರ ಮೇಲೆ ಒತ್ತಿದರೆ ಮೊದಲನೆಯದು ಇಲ್ಲ. ಮರಳಿ ಹುಡುಕಿದರೆ ಅದು ಇದ್ದ ಗುರುತೂ ಇಲ್ಲ.

ಅಟೆಂಡರ್ ಮೀರಾಹುಸೇನ ಕೈಕಟ್ಟಿ ನಿಂತು ನೋಡಿ ತೀರ್ಪು ಕೊಟ್ಟ. "ಆಪಾ, ಇದು ನಿಮ್ಮ ನಜರ್. ನೀವು ನೋಡಿದ್ದೇ ತಡ, ಹೋಗೇ ಬಿಡ್ತದ. ಒಂದು ತಾಯತ ಕಟ್ಟೋಣೇನ್ರಿ ಇದಕ್ಕ?"

"ನಿನ್ನ ಬಾಯಿಗಿ ಕಟ್ಟಬೇಕು ಮೊದಲ," ಎಂದರು ರಜಿಯಾ ಬೇಗಂ.

ಆದರೆ ಕಚೇರಿಗೆ ಇದು ಹಬ್ಬವಾಯಿತು. ಮಾನ್ವಿಯವರು ರಜೆಯ ಪಟ್ಟಿ ಎಲ್ಲಿ ಎಂದು ಕೇಳಿದರೆ, "ನಿಮ್ಮ ಮೇಲ್ ಮಾಯ ಆಗ್ಯಾದ್ರಿ." ಯಾವ ಕೆಲಸ ಬೇಡವೋ ಅದರ ಮೇಲ್ ಮಾಯ. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ ಇವರಿಗೆಲ್ಲ ಕಂಪ್ಯೂಟರು ಒದಗಿ ಬಂತು. ಕಾರ್ಯದರ್ಶಿ ಹನುಮಂತ್ರಾಯರಂತೂ ರಿಪೇರಿಯ ಮಾತೆತ್ತಿದರೆ, "ನೋಡೋಣ ತಗೋರಿ," ಎಂದು ಹಲ್ಲುಕಡ್ಡಿ ಹುಡುಕುತ್ತಿದ್ದರು.

ಒಂದು ದಿನ ಮಾನ್ವಿಯಿಂದ ಪರೀಕ್ಷಾ ಕೇಂದ್ರದ ದೊಡ್ಡ ಕಾಗದ ಬಂತು. ಬೇರೆ ಮೇಲ್ ಮುಟ್ಟುವವರೆಗೆ ತೆರೆದದ್ದು ಹೋಗುವುದಿಲ್ಲ ಎಂದು ರಜಿಯಾ ಬೇಗಂ ಅಷ್ಟರಲ್ಲಿ ಕಂಡುಕೊಂಡಿದ್ದರು. ಸರಿ, ಆ ಕಾಗದ ತೆರೆದು ಮೌಸನ್ನು ಟವೆಲಿನಿಂದ ಮುಚ್ಚಿ, ಕಾವಲು ಕೂತರು. ಜೋಳದ ರೊಟ್ಟಿಯನ್ನೂ ಅಲ್ಲೇ ತಿಂದರು. ಹಿಂದಿನ ಕೋಣೆಗೆ ನಮಾಜಿಗೆ ಹೋಗುವಾಗ ಮೀರಾಹುಸೇನನನ್ನು ಕೂಡಿಸಿ, "ಕೆಮ್ಮಿದ್ರೂ ಆ ಕಡಿ ತಿರುಗಿ ಕೆಮ್ಮು," ಎಂದು ಹೇಳಿ ಹೋದರು. ಇಡೀ ಕಾಗದ ಕೈಯಿಂದ ನಕಲು ಮಾಡಲು ಒಂದೂವರೆ ದಿನ ಹಿಡಿಯಿತು.

ನಗುವವರು ನಗುತ್ತಿದ್ದಾಗಲೇ ದೇವದುರ್ಗದ ಮುಖ್ಯೋಪಾಧ್ಯಾಯಿನಿ ಮೇಘಾ ಸಂಸ್ಥೆಯ ಅಧ್ಯಕ್ಷರಿಗೆ ಫೋನು ಮಾಡಿದಳು. ಜೂನಿನ ಗಾಳಿಗೆ ಎರಡು ಕೋಣೆಗಳ ತಗಡು ಹಾರಿಹೋಗಿವೆ, ಮಕ್ಕಳು ಬೇವಿನ ಗಿಡದ ಕೆಳಗೆ ಕೂತಿದ್ದಾರೆ, ಮಳೆ ಬಂದರೆ ಶಾಲೆ ಬಿಡಬೇಕು, ಮೂರು ಮೇಲ್ ಕಳಿಸಿದರೂ ಉತ್ತರವಿಲ್ಲ. ಅಧ್ಯಕ್ಷರು ಹನುಮಂತ್ರಾಯರನ್ನು ಕೇಳಿದರು. ಹನುಮಂತ್ರಾಯರು ಆವಕ ಪುಸ್ತಕ ತಿರುವಿ ಹಾಕಿದರು. ದೇವದುರ್ಗದ ಒಂದು ಪತ್ರವೂ ಅದರಲ್ಲಿರಲಿಲ್ಲ.

ಮರುದಿನವೇ ಮೆಮೊ ಬಂತು. ಮೂರು ಪತ್ರಗಳನ್ನು ಕಳೆದ ಬಗ್ಗೆ ಮೂರು ದಿನದಲ್ಲಿ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಸೇವಾ ಪುಸ್ತಕದಲ್ಲಿ ನಮೂದಿಸಲಾಗುವುದು. ಪ್ರತಿ ಅಧ್ಯಕ್ಷರಿಗೆ. ರಜಿಯಾ ಬೇಗಂ ಅದನ್ನು ಎರಡು ಸಲ ಓದಿದರು. ಕಣ್ಣು ತುಂಬಿತು. ಆದರೂ ಅಭ್ಯಾಸ ಎಲ್ಲಿ ಬಿಡುತ್ತದೆ? ಆವಕ ಪುಸ್ತಕ ತೆಗೆದು ತಮ್ಮ ಮೆಮೊಗೆ ತಾವೇ ನಂಬರು ಹಾಕಿದರು. ನಾನೂರ ಹನ್ನೆರಡು.

ಆಮೇಲೆ ಯಾರನ್ನೂ ಕೇಳದೆ, ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗುಂಜಹಳ್ಳಿಯ ಗೌತಮನಿಗೆ ಹೇಳಿಕಳಿಸಿದರು.

ಗೌತಮ ಬಂದವನೇ ಕಸದ ಬುಟ್ಟಿ ತೆರೆದ. ಖಾಲಿ. ಬೇಡದ ಮೇಲ್‌ಗಳ ಪೆಟ್ಟಿಗೆ ತೆರೆದ. ಲಾಟರಿ ಹೊಡೆದಿದೆ ಎಂಬ ಇಪ್ಪತ್ತು ಪತ್ರಗಳಿದ್ದವು. "ಇವಕ್ಕೂ ನಂಬರ್ ಹಾಕಬೇಕೇನಪ್ಪಾ?" ಎಂದು ರಜಿಯಾ ಬೇಗಂ ಗಾಬರಿಯಾದರು. ಅವನು ನಗುತ್ತ ತನ್ನ ಮೊಬೈಲಿನಲ್ಲಿ ಅದೇ ಮೇಲ್ ಖಾತೆ ತೆರೆದು, ಅವರಿಂದ ಪಾಸ್‌ವರ್ಡ್ ಹಾಕಿಸಿದ. ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದ.

"ಮೇಡಂ, ಒಂದೂ ಹೋಗಿಲ್ರಿ. ಎಲ್ಲಾ ಅದಾವ."

"ಮತ್ತ ನನ್ನ ಕಣ್ಣಿಗಿ ಯಾಕ ಕಾಣವಲ್ವು?"

ಗೌತಮ ಕಂಪ್ಯೂಟರಿನ ಕಡೆ ತಿರುಗಿ, ಪಟ್ಟಿಯ ಮೇಲ್ಗಡೆಯ ಒಂದು ಚಿಕ್ಕ ಗುಂಡಿ ತೋರಿಸಿದ. ಓದದೆ ಇರುವ ಮೇಲ್ ಮಾತ್ರ ತೋರಿಸು ಎಂಬ ಗುಂಡಿ ಅದು. "ಯಾರೋ ಇದನ್ನ ಒತ್ಯಾರ್ರಿ. ಓದಿದ್ದೆಲ್ಲಾ ಮುಚ್ಚಿಡಾಕತ್ಯಾದ. ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದಂಗ ಆತು ನಿಮ್ಮ ಬಾಳೇವು. ಯಾರು ಒತ್ಯಾರಂತ ಗೊತ್ತೇನ್ರಿ?"

ರಜಿಯಾ ಬೇಗಂ ಬಗ್ಗಿ ಆ ಗುಂಡಿಯನ್ನು ನೋಡಿದರು. ಗೊತ್ತಿತ್ತು. ಏಪ್ರಿಲ್‌ನಲ್ಲಿ ಸಾವಿರಾರು ಮೇಲ್‌ಗಳು ಪರದೆ ತುಂಬಾ ಹರಡಿಕೊಂಡಿದ್ದನ್ನು ನೋಡಿ ಅವರಿಗೆ ಅಸಹ್ಯವಾಗಿತ್ತು. ಓದಿದ ಕಾಗದ ಮೇಜಿನ ಮೇಲಿರಬಾರದು, ಫೈಲಿಗೆ ಹೋಗಬೇಕು ಎಂಬ ನಿಯಮದಲ್ಲೇ ಬಾಳಿದ ಜೀವ. ಆ ಗುಂಡಿಯನ್ನು ತಾವೇ ಪತ್ತೆ ಹಚ್ಚಿ, ತಾವೇ ಒತ್ತಿ, ಪರದೆ ಚೊಕ್ಕಟವಾದದ್ದಕ್ಕೆ ಅವತ್ತು ಹಿಗ್ಗಿ, ಮರೆತೂ ಬಿಟ್ಟಿದ್ದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡದ್ದು ಅಂದರೆ ಇದೇ.

"ನಾನೇ," ಎಂದರು ಮೆಲ್ಲಗೆ.

ಗೌತಮ ಗುಂಡಿ ಒತ್ತಿದ. ಮೂರು ತಿಂಗಳ ಕಾಗದಗಳೆಲ್ಲ ಒಮ್ಮೆಲೇ ಬಂದು ಕೂತವು. ದೇವದುರ್ಗದ ಮೂರೂ ಇದ್ದವು. ಆದರೆ ರಜಿಯಾ ಬೇಗಂ ಅವನ್ನು ಈ ಮೊದಲು ನೋಡಿಯೇ ಇರಲಿಲ್ಲ. ಹಾಗಿದ್ದರೆ ಓದಿದವರು ಯಾರು?

ಅದಕ್ಕೂ ಉತ್ತರ ಸಿಕ್ಕಿತು. ಕಳಿಸದೆ ಬಿಟ್ಟ ಕರಡುಗಳ ಪೆಟ್ಟಿಗೆಯಲ್ಲಿ ಒಂದೇ ಒಂದು ಪತ್ರವಿತ್ತು. "ಮೇಘಾ ಅವರೇ, ನಿಮ್ಮ ಮೂರೂ ಪತ್ರ ಓದಿದೆ. ತಗಡಿನ ವಿಷಯ ಮುಂದಿನ ವರ್ಷ ನೋಡೋಣ. ಅಧ್ಯಕ್ಷರ ಕಿವಿಗೆ ಹಾಕಬೇಡಿ. ಹನುಮಂತ್ರಾಯ, ಕಾರ್ಯದರ್ಶಿ." ಬರೆದ ಸಮಯ ಮಧ್ಯಾಹ್ನ ಒಂದೂ ನಲವತ್ತು, ರಜಿಯಾ ಬೇಗಂ ಹಿಂದಿನ ಕೋಣೆಯಲ್ಲಿ ನಮಾಜಿನಲ್ಲಿರುವ ಹೊತ್ತು. ಅವರ ಕುರ್ಚಿಯಲ್ಲಿ ಕೂತು ಪತ್ರ ಓದಿ, ಉತ್ತರ ಬರೆದು, ಕಳಿಸಲು ಎದೆ ಸಾಲದೆ ಎದ್ದು ಹೋಗಿದ್ದರು ಪುಣ್ಯಾತ್ಮರು.

ರಜಿಯಾ ಬೇಗಂ ಅವತ್ತೇ ಸಮಜಾಯಿಷಿ ಬರೆದರು. ಯಾವ ಪತ್ರವೂ ಕಳೆದಿಲ್ಲ. ಕಣ್ಣಿಗೆ ಕಾಣದಂತೆ ಮಾಡಿದವಳು ನಾನೇ, ತಪ್ಪು ನನ್ನದು. ಸಾಕ್ಷಿಗಾಗಿ ದೇವದುರ್ಗದ ಮೂರು ಪತ್ರ ಮತ್ತು ಮಾನ್ಯ ಕಾರ್ಯದರ್ಶಿಗಳ ಒಂದು ಕರಡು ಲಗತ್ತಿಸಿದೆ. ಪ್ರತಿ ಅಧ್ಯಕ್ಷರಿಗೆ.

ಅಧ್ಯಕ್ಷರಿಗೆ ಕಳಿಸುವ ಮೊದಲು, ರಿವಾಜಿನ ಪ್ರಕಾರ, ಅದನ್ನು ಹನುಮಂತ್ರಾಯರ ಮುಂದಿಟ್ಟರು. ಅವರು ಕರಡಿನವರೆಗೆ ಬಂದು ಕನ್ನಡಕ ತೆಗೆದರು.

"ರಜಿಯಾ ಬೇಗಂ, ಕೂಡ್ರಿ. ಮೀರಾಹುಸೇನ, ಎರಡು ಚಾ ತರಿಸು." ಅವರು ಎಂದೂ ಯಾರಿಗೂ ಚಾ ಕೊಡಿಸಿದವರಲ್ಲ. "ನಾ ಮೆಮೊ ಹರಿದು ಹಾಕ್ತೀನಿ. ನೀವು ಇದನ್ನ ಹರೀರಿ. ನಿಮ್ಮ ಸೇವಾ ಪುಸ್ತಕ ಹಾಲಿನಂಗ ಬೆಳ್ಳಗ ಇರ್ತದ. ಯಾಕ್ ಬೇಕ್ರಿ, ಹೋಗೂ ಕಾಲಕ್ಕ?"

ರಜಿಯಾ ಬೇಗಂಗೆ ಆಸೆಯಾಯಿತು. ಸುಳ್ಳೇಕೆ, ಜೀವ ಹಿಂಡುವಷ್ಟು ಆಸೆಯಾಯಿತು. ಬೀಳ್ಕೊಡುಗೆಯ ದಿನ ಯಾರಾದರೂ ಎದ್ದು "ಇವರ ಪುಸ್ತಕದಲ್ಲಿ ಒಂದು ಕೆಂಪು ಗೆರೆಯಿಲ್ಲ" ಎನ್ನುವುದನ್ನು ಕೇಳಲಿಕ್ಕೇ ಅವರು ಇಷ್ಟು ವರ್ಷ ದುಡಿದಿದ್ದರು.

"ಮತ್ತ ತಗಡು?" ಎಂದರು.

"ಮುಂದಿನ ವರ್ಷ ನೋಡೋಣಲ್ರಿ."

ರಜಿಯಾ ಬೇಗಂ ಎದ್ದು ನಿಂತರು. "ಇಲ್ಲ ಸಾಹೇಬ್ರ. ಮೆಮೊಕ್ಕ ನಂಬರ್ ಬಿದ್ದದ. ಅದಕ್ಕ ಉತ್ತರ ಹೋಗ್ಲೇಬೇಕು. ನಾನೇ ಕಾಗದ ಮಾಯ ಮಾಡಿದ್ರ ನಾಳೆ ಯಾರನ್ನ ಬೈಲಿ?"

ಚಾ ಬಂತು. ಎರಡನ್ನೂ ಮೀರಾಹುಸೇನನೇ ಕುಡಿದ.

ಅಧ್ಯಕ್ಷರ ಆದೇಶ ನಾಲ್ಕು ದಿನದಲ್ಲಿ ಬಂತು. ದೇವದುರ್ಗದ ಎರಡೂ ಕೋಣೆಗೆ ಎಂಟು ದಿನದಲ್ಲಿ ತಗಡು ಹಾಕಿಸತಕ್ಕದ್ದು, ಹನುಮಂತ್ರಾಯರು ಖುದ್ದಾಗಿ ನಿಂತು. ಕೊನೆಯಲ್ಲಿ ಇನ್ನೊಂದು ಸಾಲು: ಪತ್ರಗಳನ್ನು ಅಜಾಗ್ರತೆಯಿಂದ ಮರೆಮಾಡಿದ್ದಕ್ಕೆ ಗುಮಾಸ್ತೆ ರಜಿಯಾ ಬೇಗಂ ಅವರಿಗೆ ಎಚ್ಚರಿಕೆ ನೀಡಿ, ಸೇವಾ ಪುಸ್ತಕದಲ್ಲಿ ನಮೂದಿಸುವುದು.

ಎಲ್ಲರ ಸೇವಾ ಪುಸ್ತಕ ಬರೆಯುವವರೂ ರಜಿಯಾ ಬೇಗಂ ಅವರೇ. ಆದೇಶ ಬಂದು ಹತ್ತು ದಿನವಾದರೂ ಕೆಂಪು ಪೆನ್ನು ಹಿಡಿಯಲು ಕೈ ಬರಲಿಲ್ಲ. ಹನ್ನೊಂದನೆಯ ದಿನ ಪುಸ್ತಕ ಬಿಚ್ಚಿ ಕೂತಾಗ ದೇವದುರ್ಗದಿಂದ ಮೇಘಾಳ ಫೋನು ಬಂತು. ಅಲ್ಲಿ ಏನೋ ಭಾರೀ ಗದ್ದಲ, ಧಡಧಡ ಸದ್ದು.

"ಮೇಡಂ, ಇಲ್ಲಿ ಜೋರು ಮಳಿರಿ," ಮೇಘಾ ಕೂಗಿ ಹೇಳುತ್ತಿದ್ದಳು. "ಹೊಸ ತಗಡಿನ ಸಪ್ಪಳಕ್ಕ ಪಾಠನ ಕೇಳಸವಲ್ದು. ಮಕ್ಕಳು ಒಬ್ರೂ ಮನಿಗಿ ಹೋಗಿಲ್ಲ, ಒಳಗ ಕುಂತು ಮಗ್ಗಿ ಒದರಾಕತ್ಯಾವ. ಕೇಳಾಕತ್ತದೇನ್ರಿ?"

"ಕೇಳಾಕತ್ತದವ್ವಾ," ಎಂದರು ರಜಿಯಾ ಬೇಗಂ. "ಫೋನ್ ಇಡಬ್ಯಾಡ."

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೆಂಪು ಶಾಯಿಯಲ್ಲಿ, ತಮ್ಮ ಗುಂಡನೆಯ ಅಕ್ಷರದಲ್ಲಿ ಆ ಸಾಲನ್ನು ಪೂರ್ತಿ ಬರೆದರು.