ಕೈ ಎಲ್ಲಿ ಕಾಯುತ್ತೆ

"ಮೇಜನ್ನ ಓರೆ ಮಾಡ್ಬೇಡ ಕಣಯ್ಯಾ, ಸಾಮಾನು ಜಾರ್ತಿದೆ," ಎಂದು ಒಬ್ಬ ಹೇಳುವಷ್ಟರಲ್ಲಿ ಮೇಜು ಓರೆಯಾಗಿತ್ತು, ಸಾಮಾನು ಜಾರಿತ್ತು.

ತುರ್ಗುನ್ ಅಣ್ಣನ ದೇಹ ಮಲಗಿಸಲು ಮುಂಕೋಣೆ ಖಾಲಿಯಾಗಬೇಕಿತ್ತು. ನಮ್ಮ ಬೀದಿಯಲ್ಲಿ ಸಾವಾದರೆ ಮನೆಯವರು ಒಂದು ಬಟ್ಟಲನ್ನೂ ಎತ್ತಿಡುವಂತಿಲ್ಲ. ಎಲ್ಲ ಕೆಲಸ ನೆರೆಯವರದು. ನೆರೆಯವರಿಗೆ ಹುರುಪು ಬಂದರೆ ತಡೆಯುವವರು ಯಾರು? ಮೇಜಿನ ಮೇಲಿದ್ದ ಕಂಪ್ಯೂಟರ್ ಬಿಡಿಭಾಗಗಳನ್ನೆಲ್ಲ ಬಾಚಿ, ಬಟ್ಟೆ ಒಗೆಯುವ ಬೋಗುಣಿಗೆ ತುಂಬಿ, ಮೇಲೊಂದು ಟವೆಲ್ ಹೊದಿಸಿ, ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಇಟ್ಟುಬಿಟ್ಟರು. ಮೇಜಿನ ನಡುವೆ ಹಾಸಿದ್ದ ಕೆಂಪು ಉಣ್ಣೆ ದಾರ ಒಬ್ಬನ ಕಾಲ್ಬೆರಳಿಗೆ ಸಿಕ್ಕಿ ಅಂಗಳದವರೆಗೂ ಬಂತು.

ಬೋಗುಣಿಯನ್ನು ಮೊದಲು ನೋಡಿದ್ದು ಮಮಸೋಲಿ. ತಾಷ್ಕೆಂಟಿನ ಕಂಪ್ಯೂಟರ್ ಬಜಾರಿನಲ್ಲಿ ಇವನದೂ ತುರ್ಗುನ್ ಅಣ್ಣನದೂ ಎದುರುಬದುರು ಅಂಗಡಿ. ಇಬ್ಬರೂ ದಿನಾ ಜಗಳವಾಡುತ್ತಿದ್ದರು, ದಿನಾ ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು. ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡಿದ್ದ ಆಸಾಮಿ ಟವೆಲ್ ಎತ್ತಿ ನೋಡಿ ಅಳುವುದನ್ನೇ ಮರೆತ.

"ಏನ್ರಯ್ಯಾ ಇದು? ದಾರದ ಎಡಕ್ಕಿದ್ದಿದ್ದು ಯಾವುದು, ಬಲಕ್ಕಿದ್ದಿದ್ದು ಯಾವುದು?"

"ಯಾವ ದಾರ ಅಣ್ಣ?"

"ನಿನ್ನ ಕಾಲಲ್ಲಿರೋದು."

ತುರ್ಗುನ್ ಅಣ್ಣ ಒಬ್ಬರಿಗೆ ಕಂಪ್ಯೂಟರ್ ಜೋಡಿಸುವ ಮುಂಚೆ ಮೇಜಿನ ಮೇಲೆ ಆ ದಾರ ಎಳೆಯುತ್ತಿದ್ದ. ಆರಿಸಿದ್ದು ಎಡಕ್ಕೆ, ಬೇಡವೆಂದದ್ದು ಬಲಕ್ಕೆ. ಕೊನೆಯದಾಗಿ ಆರಿಸುತ್ತಿದ್ದುದು ಬೀದಿಯ ಕೊನೆಮನೆಯ ನಿಗೋರಾಳಿಗೆ. ಮದುವೆಗಳನ್ನು ಚಿತ್ರೀಕರಿಸಿ ಮನೆಯಲ್ಲೇ ಕತ್ತರಿಸಿ ಜೋಡಿಸುವ ಕೆಲಸ ಅವಳು ಹೊಸದಾಗಿ ಹಿಡಿದಿದ್ದಳು. ನಾಡಿದ್ದು ಮೊದಲ ಮದುವೆಯ ಚಿತ್ರ ಕೊಡಬೇಕು. ಅವಳ ಹಳೆ ಕಂಪ್ಯೂಟರ್ ಮಾತುಮಾತಿಗೂ ನಿಂತುಹೋಗುತ್ತಿತ್ತು. ಅಷ್ಟರೊಳಗೆ ಹೊಸದು ಮಾಡಿಕೊಡುತ್ತೇನೆಂದು ತುರ್ಗುನ್ ಅಣ್ಣ ಮಾತು ಕೊಟ್ಟಿದ್ದ. ಕೊಟ್ಟು, ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಮಗ ಜಸುರ್ ಸಾವಿನ ಮನೆಯ ವಾಡಿಕೆಯಂತೆ ನಡುವಿಗೆ ಬಟ್ಟೆ ಬಿಗಿದು, ತಲೆಗೆ ಚೌಕ ಟೋಪಿ ಇಟ್ಟು, ಬಂದವರ ಕೈ ಹಿಡಿಯುತ್ತಾ ಬಾಗಿಲಲ್ಲಿ ನಿಂತಿದ್ದ. ಮಮಸೋಲಿ ಅವನ ಕಿವಿಯ ಹತ್ತಿರ ಬಾಗಿದ.

"ನಿಮ್ಮಪ್ಪ ಯಾವ್ಯಾವುದು ಆರಿಸಿದ್ದ, ನೆನಪಿದೆಯಾ?"

"ಇಲ್ಲ ಚಿಕ್ಕಪ್ಪ. ನಾನು ಆ ಮೇಜಿನ ಹತ್ರ ಹೋದ್ರೆ ಚಹಾ ತಾ ಅಂತ ಕಳಿಸ್ತಿದ್ರು."

"ಎರಡು ಮಕ್ಕಳ ತಂದೆಯನ್ನ?"

"ತಂದ್ಮೇಲೆ ಆರಿದೆ ಅಂತ ಬೈಗುಳ ಬೇರೆ."

ನಗು ಬಂದುಬಿಟ್ಟಿತು. ಇಬ್ಬರೂ ಟೋಪಿ ಸರಿಮಾಡಿಕೊಳ್ಳುವವರಂತೆ ಮುಖ ಮರೆಮಾಡಿದರು. ಜಸುರ್ ಅಪ್ಪನ ಅಂಗಡಿಯಲ್ಲಿ ಕಂಪ್ಯೂಟರುಗಳನ್ನು ಜೋಡಿಸಿದ್ದಕ್ಕೆ ಲೆಕ್ಕವಿಲ್ಲ. ಆರಿಸಿದ್ದು ಮಾತ್ರ ಒಂದೂ ಇಲ್ಲ.

* * *

ನಮ್ಮ ಮಸೀದಿಯ ಇಮಾಮರು ಒಮ್ಮೆ ಪ್ರವಚನ ಬರೆಯಲು ಕಂಪ್ಯೂಟರ್ ಬೇಕೆಂದು ಅಂಗಡಿಗೆ ಬಂದು, "ಇರೋದರಲ್ಲೆಲ್ಲ ದೊಡ್ಡದು ಕೊಡು ತುರ್ಗುನ್. ಒಳಗೆ ಬಣ್ಣದ ದೀಪ ಉರೀತಾವಲ್ಲ, ಅಂಥದ್ದು," ಎಂದಿದ್ದರು.

ತುರ್ಗುನ್ ಅಣ್ಣ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಎದುರಿಗೊಂದು ಬರಿ ಹಲಗೆ ಇಟ್ಟ.

"ಕೆಲಸ ಮಾಡಿ ತೋರಿಸಿ."

"ಇದರ ಮೇಲಾ?"

"ಹೂಂ. ದಿನಾ ಹೇಗೆ ಮಾಡ್ತೀರೋ ಹಾಗೇ."

ಇಮಾಮರು ಸಂಕೋಚದಿಂದಲೇ ಹಲಗೆಯ ಮೇಲೆ ಬೆರಳಾಡಿಸಿದರು. ನಿಲ್ಲಿಸಿದರು. ಸೂರು ನೋಡಿದರು, ಗಡ್ಡ ನೀವಿಕೊಂಡರು, ಮತ್ತೆ ಎರಡು ಅಕ್ಷರ ಕುಟ್ಟಿದರು.

"ಕೈ ಕಾಯ್ತಾ ಇದೆಯಲ್ಲ, ಯಾತಕ್ಕೆ?"

"ಮುಂದಿನ ಮಾತು ಹೊಳೀಬೇಕಲ್ಲಪ್ಪ."

"ಹಾಗಾದ್ರೆ ದೊಡ್ಡದು ಬೇಡ. ಮಾತು ಹೊಳೆಯೋಕೆ ನನ್ನ ಹತ್ರ ಬಿಡಿಭಾಗ ಇಲ್ಲ."

ಎಲ್ಲಕ್ಕಿಂತ ಸಣ್ಣದು, ಫ್ಯಾನಿನ ಸದ್ದೂ ಇಲ್ಲದ್ದು ಕೊಟ್ಟು ಕಳಿಸಿದ. ಇಮಾಮರು ಕೆಲವು ದಿನ ಮಾತು ಬಿಟ್ಟರು. ಆಮೇಲೆ ಒಂದು ಗಾಡಿ ಕರಬೂಜ ಕಳಿಸಿದರು.

ಅವತ್ತು ಜಸುರ್ ಪಕ್ಕದಲ್ಲೇ ನಿಂತು, ಕೇಳಿದರೆ ಇರಲಿ ಎಂದು ದೀಪವಿರುವ ದೊಡ್ಡ ಗ್ರಾಫಿಕ್ಸ್ ಕಾರ್ಡೊಂದನ್ನು ಕೈಯಲ್ಲಿ ಹಿಡಿದಿದ್ದ. ಅಪ್ಪ ತಿರುಗಿಯೂ ನೋಡದೆ ಕೈಚಾಚಿ ಅದನ್ನು ಇಸಿದುಕೊಂಡಿದ್ದ.

"ನೀನು ಸ್ಕ್ರೂ ನೋಡ್ಕೊ."

* * *

ಮಸೀದಿಯಲ್ಲಿ ತುರ್ಗುನ್ ಅಣ್ಣನ ಅಂತಿಮ ಪ್ರಾರ್ಥನೆಗೆ ಮುಂಚೆ ಇಮಾಮರು ವಾಡಿಕೆಯಂತೆ ಕೇಳಿದರು: "ಈ ಮನುಷ್ಯ ಎಂಥವನಾಗಿದ್ದ?"

"ಒಳ್ಳೆಯವನು," ಎಂದು ಎಲ್ಲರೂ ಹೇಳಿದರು. ಅಲ್ಲಿಗೆ ಅದು ಮುಗಿಯಬೇಕು.

"ಒಳ್ಳೆಯವನೇ. ಹಟಮಾರಿ," ಎಂದ ಮಮಸೋಲಿ.

ಹಿಂದಿನ ಸಾಲಿನಿಂದ ಒಬ್ಬ, "ಕೇಳಿದ್ದು ಕೊಡ್ತಿರ್ಲಿಲ್ಲ," ಎಂದ. ಇನ್ನೊಬ್ಬ, "ನನಗೂ ಕೊಡ್ಲಿಲ್ಲ. ಕೊಟ್ಟಿದ್ದು ಇನ್ನೂ ಓಡ್ತಿದೆ," ಎಂದ. ಇಮಾಮರೂ "ನನಗೂ" ಎಂದುಬಿಟ್ಟು, ಗಂಟಲು ಸರಿಮಾಡಿಕೊಂಡು ಜಸುರನ ಕಡೆ ನೋಡಿದರು.

ಜಸುರ್ ಹಿರಿಮಗ ಹೇಳಬೇಕಾದ ಮಾತು ಹೇಳಿದ. "ನಮ್ಮಪ್ಪ ಯಾರಿಗಾದ್ರೂ ಮಾತು ಕೊಟ್ಟು ತೀರಿಸದೆ ಹೋಗಿದ್ರೆ ನನ್ನನ್ನ ಕೇಳಿ. ನಾನಿದ್ದೀನಿ."

ಇಲ್ಲಿಯೂ ಯಾರೂ ಬಾಯಿ ಬಿಡುವ ವಾಡಿಕೆಯಿಲ್ಲ. ಮಮಸೋಲಿಗೆ ವಾಡಿಕೆ ಯಾವಾಗ ಹಿಡಿಸಿತ್ತು?

"ನಿಗೋರಾಗೆ ಕಂಪ್ಯೂಟರ್ ಕೊಡ್ತೀನಿ ಅಂದಿದ್ದ. ನಾಡಿದ್ದರೊಳಗೆ."

ಜಸುರ್ ಅವನನ್ನು ದುರುಗುಟ್ಟಿಕೊಂಡು ನೋಡಿದ. ಬೀದಿಗೆ ಬೀದಿಯೇ ಕಿವಿಗೊಟ್ಟು ನಿಂತಿತ್ತು.

"ತೀರಿಸ್ತೀನಿ," ಎಂದ.

ಚಟ್ಟ ಎದ್ದಿತು. ನಮ್ಮಲ್ಲಿ ಚಟ್ಟ ಹೋಗುವುದು ಕಂಡರೆ ಯಾರಾದರೂ ಸರಿ, ಹೆಗಲು ಕೊಟ್ಟು ನಾಲ್ಕು ಹೆಜ್ಜೆ ನಡೆದು ಮುಂದಿನವರಿಗೆ ದಾಟಿಸಬೇಕು. ರೊಟ್ಟಿ ಮಾರುವವನು ಬುಟ್ಟಿ ಇಳಿಸಿ ಬಂದ, ಟ್ಯಾಕ್ಸಿಯವನು ಬಾಗಿಲು ತೆರೆದಿಟ್ಟೇ ಓಡಿಬಂದ. ಕುಳ್ಳ ಮಮಸೋಲಿಯ ಹೆಗಲು ಎಟುಕಲಿಲ್ಲ. ಅವನು ಅಂಗೈ ಮೇಲೆತ್ತಿ ಆನಿಸಿಕೊಂಡು, ಹೆಚ್ಚುಕಡಿಮೆ ನೇತಾಡಿಕೊಂಡೇ ಬಂದ.

* * *

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಗಳಿಂದ ರೊಟ್ಟಿ, ಸಾರು ಬಂದಿದ್ದವು. ಮಣ್ಣು ಮಾಡಿ ಬಂದ ಜಸುರ್ ಎರಡನ್ನೂ ಮುಟ್ಟದೆ ಹಿಪ್ಪುನೇರಳೆ ಮರದ ಕೆಳಗೆ ಬೋಗುಣಿಯ ಮುಂದೆ ಕುಳಿತಿದ್ದ. ಮಮಸೋಲಿ ಜೇಬಿನಿಂದ ಕೆಂಪು ದಾರ ತೆಗೆದು ಚಾಪೆಯ ಮೇಲೆ ಎಳೆದ.

"ಈ ದೀಪದ ಗ್ರಾಫಿಕ್ಸ್ ಕಾರ್ಡ್ ಎಡಕ್ಕೇ ಇತ್ತು. ನನಗೆ ಚೆನ್ನಾಗಿ ಗೊತ್ತು."

"ಅದು ನಿಮ್ಮ ಅಂಗಡೀದು ಚಿಕ್ಕಪ್ಪ. ಮಾರಾಟ ಆಗ್ಲಿ ಅಂತ ತಾನೇ?"

ಜಸುರ್ ಒಂದು ಪ್ರೊಸೆಸರ್ ಎತ್ತಿ ಎಡಕ್ಕಿಟ್ಟ, ಬಲಕ್ಕಿಟ್ಟ, ಮತ್ತೆ ಬೋಗುಣಿಗೇ ಹಾಕಿದ. ಅಪ್ಪನಾಗಿದ್ದರೆ ಯಾವುದನ್ನು ಆರಿಸುತ್ತಿದ್ದ? ಒಂದೂ ಹೊಳೆಯಲಿಲ್ಲ. ಊರೆಲ್ಲರ ಮುಂದೆ ಮಾತು ಕೊಟ್ಟು ಅಪ್ಪನ ಹೆಸರಿಗೆ ಮಸಿ ಬಳಿಯುತ್ತೇನೇನೋ ಎಂದು ಅವನಿಗೆ ಅಳು ಬಂತು. ಮಣ್ಣು ಮಾಡುವಾಗಲೂ ಬಂದಿರಲಿಲ್ಲ.

ಹೆಂಗಸರ ಕೋಣೆಯಿಂದ ತಾಯಿ ಸಾನೋಬರ್ ಬಂದಳು. ಅವಳ ಹಿಂದೆ ನಿಗೋರಾ.

"ಬೇಡ ಬಿಡಣ್ಣ, ಇವತ್ತು ಬೇಡ," ಎಂದಳು ನಿಗೋರಾ. "ಆ ಮದುವೆ ಬೇರೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

"ನೀನು ಸುಮ್ನೆ ಕೂತ್ಕೊ ಮಗಳೇ," ಎಂದು ಸಾನೋಬರ್ ಮಗನ ಕಡೆ ತಿರುಗಿದಳು. "ಏನು ಹುಡುಕ್ತಿದ್ದೀಯೋ ಅದರಲ್ಲಿ?"

"ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ."

"ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಸಿಗ್ಲಿಲ್ಲ, ನಿನಗೆ ಬೋಗುಣೀಲಿ ಸಿಗುತ್ತಾ? ಕೆಲಸ ಮಾಡೋಳು ಎದುರಿಗಿದ್ದಾಳೆ. ಇವಳನ್ನ ಕೇಳು."

ಜಸುರ್ ತೋಳಿನಿಂದ ಮುಖ ಒರೆಸಿಕೊಂಡ. ರೊಟ್ಟಿಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಅವನ್ನು ಇಟ್ಟಿದ್ದ ಹಲಗೆಯನ್ನು ನಿಗೋರಾಳ ಮುಂದೆ ಸರಿಸಿದ.

"ಕೆಲಸ ಮಾಡಿ ತೋರ್ಸು."

ಅವಳು ಹಲಗೆಯ ಮೇಲೆ ಕೈಯಿಟ್ಟಳು. ಎಡಗೈ ಒತ್ತಿತು, ಬಲಗೈ ಏನನ್ನೋ ಹಿಂದಕ್ಕೆಳೆಯಿತು, ನಿಂತಿತು. ಮತ್ತೆ ಎಳೆಯಿತು, ಮತ್ತೆ ನಿಂತಿತು.

"ಕೈ ಇಲ್ಲೇ ಕಾಯುತ್ತಾ?"

"ಇಲ್ಲೇ ಅಣ್ಣ. ಚಿತ್ರ ಹಿಂದೆಮುಂದೆ ಮಾಡಿದ್ರೆ ಸಾಕು, ನಿಂತುಬಿಡುತ್ತೆ. ಮದುಮಗಳು ಸಲಾಂ ಮಾಡೋಕೆ ಅರ್ಧ ಬಾಗಿದೋಳು ಹಾಗೇ ಇರ್ತಾಳೆ. ಅವಳ ಸೊಂಟ ನೆನೆಸ್ಕೊಂಡು ನನಗೇ ಪಾಪ ಅನ್ಸುತ್ತೆ."

"ಕೊನೇಲಿ ಎಲ್ಲ ಸೇರಿಸಿ ಒಂದೇ ಚಿತ್ರ ಮಾಡೋವಾಗ?"

"ಅದಕ್ಕೆ ಎಷ್ಟು ಹೊತ್ತಾದ್ರೂ ಆಗ್ಲಿ. ಆಗ ನಾನು ಹಿಟ್ಟು ನಾದ್ತಿರ್ತೀನಿ."

ಜಸುರ್ ಬೋಗುಣಿಗೆ ಕೈಹಾಕಿದ. ವೇಗದ ಡಿಸ್ಕ್ ಎಡಕ್ಕೆ. ಮೆಮೊರಿ ಒಂದಲ್ಲ, ನಾಲ್ಕೂ ಎಡಕ್ಕೆ. ವಿಡಿಯೊ ಓಡಿಸುವ ಶಕ್ತಿ ತನ್ನೊಳಗೇ ಇರುವ ಪ್ರೊಸೆಸರ್ ಎಡಕ್ಕೆ. ನಮ್ಮ ಬೀದಿಯ ಕರೆಂಟಿನ ಕುಣಿತ ನೆನೆದು, ಇದ್ದದ್ದರಲ್ಲಿ ಗಟ್ಟಿಯಾದ ಪವರ್ ಸಪ್ಲೈ. ಮಮಸೋಲಿ ದೀಪದ ಕಾರ್ಡನ್ನು ಮೆಲ್ಲಗೆ ದಾರದ ಹತ್ತಿರ ತರುತ್ತಿದ್ದ. ಜಸುರ್ ತಿರುಗಿಯೂ ನೋಡದೆ ಕೈಚಾಚಿ ಅದನ್ನು ಇಸಿದುಕೊಂಡ.

"ಚಿಕ್ಕಪ್ಪ, ನೀವು ಸ್ಕ್ರೂ ನೋಡ್ಕೊಳ್ಳಿ."

ಮಮಸೋಲಿ ಹೊಟ್ಟೆ ಹಿಡಿದುಕೊಂಡು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

"ಇನ್ನು ಜಗಳಕ್ಕೆ ಯಾರಪ್ಪಾ ಗತಿ ಅಂತ ಬೆಳಿಗ್ಗೆಯಿಂದ ಅಳ್ತಿದ್ದೆ ಸಾನೋಬರ್," ಎಂದ. "ಸುಮ್ಸುಮ್ನೆ ಅತ್ತುಬಿಟ್ಟೆ."

ಹೊತ್ತು ಇಳಿಯುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಯಿತು. ಸಾವಿನ ಮನೆಯಲ್ಲಿ ಚಿತ್ರ ಹಾಕುವಂತಿಲ್ಲ. ನಿಗೋರಾಳ ಮನೆಯಲ್ಲೇ ನೋಡಬೇಕು. ಜಸುರ್ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹೊರಬಂದ. ಬಾಗಿಲ ಬೆಂಚಿನಲ್ಲಿ ಕುಳಿತಿದ್ದ ಗಂಡಸರಿಗೆ ಬೆಳಗಿನ ಗುಂಗು ಇನ್ನೂ ಇಳಿದಿರಲಿಲ್ಲ. ಒಬ್ಬ ಎದ್ದು ಹೆಗಲು ಕೊಟ್ಟ, ನಾಲ್ಕು ಹೆಜ್ಜೆ ನಡೆದು ಮುಂದಿನವನಿಗೆ ದಾಟಿಸಿದ. ಅವನು ಇನ್ನೊಬ್ಬನಿಗೆ. ರೊಟ್ಟಿಯವನು ಮತ್ತೆ ಬುಟ್ಟಿ ಇಳಿಸಿದ. ಮಮಸೋಲಿ ಕರೆಂಟಿನ ವೈರನ್ನು ಕೊರಳಿಗೆ ಸುತ್ತಿಕೊಂಡು ಹಿಂದೆ ಓಡಿದ.

ನಿಗೋರಾಳ ಮನೆಯಲ್ಲಿ ಮದುವೆಯ ಚಿತ್ರಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ತುಂಬಿಸಿ ಮುಗಿಸುವಾಗ ಮುಸ್ಸಂಜೆ. ಬಾಗಿಲ ತುಂಬ ಜನ. ಅವಳು ಕುಳಿತು ಚಿತ್ರವನ್ನು ಹಿಂದಕ್ಕೆಳೆದಳು, ಮುಂದಕ್ಕೆ ಬಿಟ್ಟಳು. ಪರದೆಯ ಮೇಲೆ ಮದುಮಗಳು ಪೂರ್ತಿ ಬಾಗಿ ಸಲಾಂ ಮಾಡಿ ನೆಟ್ಟಗೆ ನಿಂತಳು, ಮತ್ತೆ ಬಾಗಿದಳು. ಬಾಗಿಲಲ್ಲಿದ್ದ ಗಂಡಸರು ರೂಢಿಯಂತೆ ಎದೆಯ ಮೇಲೆ ಕೈಯಿಟ್ಟು ಮರುಸಲಾಂ ಹೇಳಿದರು.

ಜಸುರ್ ಪರದೆಯ ಕಡೆ ನೋಡುತ್ತಿರಲಿಲ್ಲ. ನಡುವಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ, ಅಪ್ಪ ಕೂರುತ್ತಿದ್ದ ಹಾಗೆ ಮುಂದಕ್ಕೆ ಬಾಗಿ ಕುಳಿತು, ಅವಳ ಕೈಗಳನ್ನೇ ನೋಡುತ್ತಿದ್ದ.