ಇನ್ನೊಂದು ಹೋಳಿಗೆ

ಶಿವಕ್ಕನ ಪಂಕ್ತಿಯಲ್ಲಿ ಕೂತವರು ‘ಸಾಕು’ ಅಂದರೆ ಇನ್ನೊಂದು ಬೀಳುವುದು ಖಾತ್ರಿ. ಬೈಲಹೊಂಗಲದ ಬೀಗರನ್ನೆಲ್ಲ ಬಡಿಸಿ ಬಡಿಸಿ ಸುಸ್ತು ಮಾಡಿದ ಕೈ, ಅಮೆರಿಕದ ಡೈಮಂಡ್ ಬಾರ್ ಎಂಬ ಊರಿನ ಮಗನ ಮನೆಗೆ ಬಂದರೆ ಸುಮ್ಮನಿದ್ದೀತೇ? ಆ ಶನಿವಾರ ಮೊಮ್ಮಗಳು ನಿಹಾರಿಕಾ ಸ್ಯಾನ್ ಡಿಯಾಗೊದ ಕಾಲೇಜಿನಿಂದ ಗೆಳತಿ ಆಶ್ರಿತಾಳನ್ನೂ ಕರೆತಂದಿದ್ದಳು. ಅಜ್ಜಿಗೆ ಹಬ್ಬವೋ ಹಬ್ಬ.

ಮೇಜಿನ ಆಚೆ ತುದಿಯಲ್ಲಿ ಅಪ್ಪ-ಮಗಳ ಜಗಳ ನಡೆದಿತ್ತು. ನಿಹಾರಿಕಾ ತನ್ನ ಸೊರಾರಿಟಿಗೆ, ಅಂದರೆ ಒಂದೇ ಮನೆಯಲ್ಲಿದ್ದು ಅಕ್ಕತಂಗಿಯರೆಂದು ಕರೆದುಕೊಳ್ಳುವ ಕಾಲೇಜು ಹುಡುಗಿಯರ ಸಂಘಕ್ಕೆ, ಈ ವರ್ಷದ ರಿಸ್ಕ್ ಮ್ಯಾನೇಜರ್. ಯಾರಿಗಾದರೂ ಅನಾಹುತವಾಗಿ ಸಂಘದ ಮೇಲೆ ಕೇಸು ಬೀಳದಂತೆ ನೋಡಿಕೊಳ್ಳುವ ಕೆಲಸ. ಬರುವ ಶುಕ್ರವಾರ ಹೊಸಬರನ್ನು ಸೇರಿಸಿಕೊಳ್ಳುವ ದಿನ. ಅಂದು ಪ್ರತಿ ಹೊಸಬಳೂ ತನ್ನ ‘ಅಕ್ಕ’ ಕೊಟ್ಟ ವೋಡ್ಕಾ ಬಾಟಲಿಯನ್ನು ಖಾಲಿ ಮಾಡಬೇಕು. ಆಶ್ರಿತಾ ಹೊಸಬಳು, ಅವಳ ‘ಅಕ್ಕ’ ನಿಹಾರಿಕಾ.

ಸ್ಯಾನ್ ಪೀಡ್ರೊ ಬಂದರಿನಲ್ಲಿ ಇನ್ಶೂರೆನ್ಸ್ ಕ್ಲೇಮು ನೋಡುವ ಅವಳ ಅಪ್ಪ ಅಪ್ಪಾಸಾಹೇಬನಿಗೆ ತುತ್ತು ಇಳಿಯಲಿಲ್ಲ.

“ಇಪ್ಪತ್ತೊಂದು ತುಂಬಲಾರದ ಹುಡುಗ್ಯಾರಿಗೆ ಕುಡಿಸೂದು ಇಲ್ಲಿ ಕಾನೂನಿಗೆ ವಿರುದ್ಧ, ಇನ್ಶೂರೆನ್ಸ್‌ನವ್ರು ಕೈ ಎತ್ತತಾರ. ಕೋರ್ಟಿನ್ಯಾಗ ನಿನ್ನ ಹೆಸರೇ ಮೊದಲ ಬರತೈತಿ.”

“ಅಪ್ಪಾ, ರಿಲ್ಯಾಕ್ಸ್. ‘ನಮ್ಮ ಇಷ್ಟದಿಂದ ಕುಡೀತೀವಿ’ ಅಂತ ಎಲ್ಲಾರ ಕಡೆ ಸೈನ್ ಮಾಡ್ಸೀವಿ. ಯಾರಿಗೂ ಫೋರ್ಸ್ ಇಲ್ಲ. ಬ್ಯಾಡ ಅಂದ್ರ ಬ್ಯಾಡ, ದಟ್ಸ್ ಇಟ್. ಹೋದ ವರ್ಷ ನಾನೂ ಕುಡದೀನಿ. ಅದಕ್ಕೇ ನಾವೆಲ್ಲ ಇಷ್ಟ್ ಕ್ಲೋಸ್ ಅದೀವಿ. ಅಲ್ವಾ ಆಶ್ರಿತಾ?”

“ಯಾ, ಟೋಟಲಿ” ಎಂದು ಆಶ್ರಿತಾ ನಕ್ಕಳು.

ಅಷ್ಟರಲ್ಲಿ ಅವಳ ತಟ್ಟೆಗೆ ಮತ್ತೊಂದು ಹೋಳಿಗೆ ಬಿತ್ತು, ಮೇಲೆ ತುಪ್ಪ. “ಅಜ್ಜಿ ಮಾರಿ ನೋಡಿ ಒಂದ್ ತಿನ್ನವಾ.” “ಓಕೆ ಅಜ್ಜಿ.” ಅದು ಮುಗಿಯುವ ಮೊದಲೇ ಇನ್ನೊಂದು. “ಓಕೆ ಅಜ್ಜಿ.” ಆಮೇಲೆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಬಾತ್‌ರೂಮಿಗೆ ಓಡಿದಳು.

ನಿಹಾರಿಕಾ ಹಿಂದೆಯೇ ಓಡಿ ಅವಳ ಕೂದಲು ಎತ್ತಿ ಹಿಡಿದಳು. ವಾಂತಿ ನಿಂತ ಮೇಲೆ ಕೇಳಿದಳು: “ಸಾಕು ಅನ್ನೋದಲ್ವಾ?”

“ಹೇಗನ್ಲಿ? ಅಷ್ಟು ಪ್ರೀತಿಯಿಂದ ಹಾಕ್ತಿದ್ರು.”

ನಿಹಾರಿಕಾ ಹಿಡಿದಿದ್ದ ಕೂದಲು ಬಿಟ್ಟು ಅವಳ ಎದುರು ಕೂತಳು. “ಮತ್ತೆ ಶುಕ್ರವಾರ?”

ಆಶ್ರಿತಾ ನೆಲ ನೋಡುತ್ತ ಹೇಳಿದಳು: “ನೀನೇ ಬಾಟಲಿ ಕೊಟ್ರೆ ಬೇಡ ಅನ್ನೋಕಾಗುತ್ತಾ? ಆಮೇಲೆ ಆ ಮನೇಲಿ ನನ್ನನ್ನ ಮಾತಾಡಿಸೋರ್ಯಾರು?”

ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿವಕ್ಕನಿಗೆ ಬಾಟಲಿಯ ಸಂಗತಿ ಅರ್ಥವಾಗದಿದ್ದರೂ ಹುಡುಗಿಯ ಮುಖ ಅರ್ಥವಾಯಿತು. “ನಂದೇ ತಪ್ಪವಾ,” ಎಂದು ಬೆನ್ನು ಸವರಿದಳು. “ಪ್ರೀತಿ ಪ್ರೀತಿ ಅಂತ ಕೂಸಿನ ಹೊಟ್ಟಿ ನೋಡಲಿಲ್ಲ ನಾ.”

ಸಂಜೆ ನಿಹಾರಿಕಾ ಹಿತ್ತಲಲ್ಲಿ ನಿಂತು ಸಂಘದ ಅಧ್ಯಕ್ಷೆ ನಿಕಿತಾಳಿಗೆ ಫೋನ್ ಮಾಡಿದಳು. ಶುಕ್ರವಾರ ಯಾರ ಕೈಯಲ್ಲೂ ಬಾಟಲಿ ಇರಕೂಡದು, ಇದ್ದರೆ ತಾನೇ ಕಾಲೇಜಿಗೆ ತಿಳಿಸುವುದಾಗಿ ಹೇಳಿದಳು. ಆ ಕಡೆಯಿಂದ ಬಹಳ ಹೊತ್ತು ಕೂಗಾಟ. ಕೊನೆಗೆ, ಎಲ್ಲರೂ ಸಹಿ ಹಾಕಿದ್ದಾರಲ್ಲ ಎಂಬ ಮಾತು ಬಂತು.

“ಹಾಕಲ್ಲ ಅನ್ನೋ ಧೈರ್ಯ ಅವರಲ್ಲಿ ಯಾರಿಗಿತ್ತು ಹೇಳು?” ಎಂದಳು ನಿಹಾರಿಕಾ. ಆ ಮನೆಯ ಅಕ್ಕತಂಗಿಯರೆಂದರೆ ಅವಳಿಗೂ ಪ್ರಾಣ. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡ ಅಪ್ಪಾಸಾಹೇಬ, ಎಂದೂ ಇಲ್ಲದ್ದು, ಮಗಳಿಗೆ ಚಹಾ ಮಾಡಿ ತಂದುಕೊಟ್ಟ.

ಭಾನುವಾರ ಹುಡುಗಿಯರು ಹೊರಟು ನಿಂತರು. ಶಿವಕ್ಕನ ಕೈ ರೂಢಿಯಂತೆ ಹೋಳಿಗೆ ಡಬ್ಬಿಗೆ ಹೋಯಿತು, ಹೋಗಿ ಅಲ್ಲೇ ನಿಂತಿತು.

“ಬೇಕೇನವಾ?” ಎಂದು ಕೇಳಿ ಸುಮ್ಮನೆ ಕಾದಳು.

ಆಶ್ರಿತಾ ನಿಹಾರಿಕಾಳ ಮುಖ ನೋಡಿದಳು. ಅವಳೂ ಕಾಯುತ್ತಿದ್ದಳು.

“ಬೇಡ ಅಜ್ಜಿ. ಇವತ್ತು ಬೇಡ.”

ಮುದುಕಿಯ ಮುಖ ಒಂದಿಷ್ಟು ಸಣ್ಣಗಾಯಿತು. ಹುಟ್ಟುಗುಣ ಒಂದೇ ದಿನಕ್ಕೆ ಹೋಗುತ್ತದೆಯೇ? ಆದರೂ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

“ಶಾಣ್ಯಾಕಿ,” ಎಂದು ಹುಡುಗಿಯ ಗಲ್ಲ ಹಿಡಿದು ಮುದ್ದಿಸಿದಳು.