ಪಶ್ಚಾತ್ತಾಪದ ಡ್ರಾಫ್ಟು

"'ನಾನು ಮಾಡಿಲ್ಲ' ಅಂತ ಮಾತ್ರ ಬರೀಬೇಡಿ," ಎಂದಳು ವೀಸಾ ಏಜೆಂಟ್ ಹೇತಲ್‌ಬೆನ್. "'ನಾನೇ ಮಾಡಿದ್ದು, ತಪ್ಪಾಯ್ತು, ನಾಚಿಕೆ ಆಗ್ತಿದೆ.' ಅಷ್ಟೇ. ಆದರೆ ಓದಿದವರ ಕರುಳು ಚುರ್ ಅನ್ನಬೇಕು, ಹಾಗೆ ಬರೀರಿ."

ಅವಳು ಆಡಿದ್ದು ಹಿಂದಿಯಲ್ಲಿ. ಸುಭದ್ರಾಗೆ ಪೂರ್ತಿ ಅರ್ಥವಾಯಿತು. ಮೂವತ್ತು ವರ್ಷ ಗುಜರಾತಿನಲ್ಲಿ ತರಕಾರಿಯವರ ಜೊತೆ ಚೌಕಾಸಿ ಮಾಡಿ, ಮನೆ ಮಾಲೀಕರ ಜೊತೆ ಜಗಳ ಆಡಿ ಕಲಿತ ಹಿಂದಿ. ಅರ್ಥವಾಗದಿದ್ದರೇ ಚೆನ್ನಾಗಿತ್ತು. ನವರಂಗಪುರದ ಆ ವೀಸಾ ಆಫೀಸಿನಲ್ಲಿ ಅವಳ ಎಡಕ್ಕೆ ಮಗ ನಿತೇಶ, ಬಲಕ್ಕೆ ಗಂಡ ಹಾಲೇಶಪ್ಪ ಕೂತಿದ್ದರು. ಎದುರಿನ ಗೋಡೆಯ ಮೇಲೆ ಒಂದು ಕಾಂಗರೂ ಹೊಟ್ಟೆಯ ಚೀಲದಲ್ಲಿ ಮರಿ ಇಟ್ಟುಕೊಂಡು ನಗುತ್ತಿತ್ತು.

"ಅಲ್ಲಮ್ಮಾ, ಮಾಡಿದ್ದು ಇವನಲ್ಲ," ಎಂದಳು ಸುಭದ್ರಾ. "ಇವನು ಹುಟ್ಟಿದಾಗಿಂದ ಒಂದು ಹನಿ ಬಾಯಿಗೆ ಹಾಕಿಲ್ಲ. ಬಾಟಲಿ ಇವರದು." ಗಂಡನ ಕಡೆ ಬೆರಳು ತೋರಿಸಿಯೇಬಿಟ್ಟಳು.

ಹಾಲೇಶಪ್ಪನವರು ಕೆಮ್ಮಿದರು. ಹೇತಲ್‌ಬೆನ್‌ಗೆ ಆಶ್ಚರ್ಯವೇನೂ ಆಗಲಿಲ್ಲ. ಇಂಥ ಅಪ್ಪಂದಿರನ್ನು ಅವಳು ದಿನಾ ನೋಡುತ್ತಿದ್ದಳೋ ಏನೋ.

"ಮಾಸಿ, ಯಾರದ್ದಾದರೂ ಇರಲಿ. ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿದ್ದು ಇವರು. ಈಗ ಅಪ್ಪನದು ಅಂದರೆ ಕೋರ್ಟಿಗೆ ಸುಳ್ಳು ಹೇಳಿದ ಹಾಗಾಯ್ತು. ವೀಸಾದವರು ಹಳೇ ಕೇಸನ್ನ ಮತ್ತೆ ವಿಚಾರಣೆ ಮಾಡೋಕೆ ಕೂರಲ್ಲ. ಮೊದಲೇ ಅರ್ಜಿಯಲ್ಲಿ 'ಯಾವ ಶಿಕ್ಷೆಯೂ ಆಗಿಲ್ಲ' ಅಂತ ತುಂಬಿ ಕಳಿಸಿದೀರಿ. ಅವರು ಗರಂ ಆಗಿರೋದು ಬಾಟಲಿಗಲ್ಲ, ಅದಕ್ಕೆ. ಇನ್ನೊಂದು ಸುಳ್ಳು ಸಿಕ್ಕಿತು ಅಂದರೆ ವರ್ಷಗಟ್ಟಲೆ ಬಾಗಿಲು ಬಂದ್."

ಆಗ ಹಾಲೇಶಪ್ಪನವರು ಉಸಿರು ಬಿಟ್ಟರು. ದೊಡ್ಡ ಉಸಿರೇನಲ್ಲ, ಟಿಕೆಟ್ಟಿಲ್ಲದವನು ಕಂಡಕ್ಟರು ಮುಂದೆ ಹೋದ ಮೇಲೆ ಬಿಡುವಂಥದ್ದು. ಸುಭದ್ರಾ ಅದನ್ನು ಕೇಳಿಸಿಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ಸಿಟ್ಟು ಬರದ ದಿನವಿರಲಿಲ್ಲ. ಆದರೆ ಹೀಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದದ್ದು ಇದೇ ಮೊದಲು. ಸತ್ಯ ಯಾರಿಗೂ ಬೇಡವಾಗಿತ್ತು, ಅದಕ್ಕೇ ಈ ಮನುಷ್ಯನಿಗೆ ಹಗುರಾಗಿತ್ತು!

"ಡ್ರಾಫ್ಟ್ ನಂಗೆ ಬಿಡಿ ಮೇಡಂ," ಎಂದರು ಹಾಲೇಶಪ್ಪ ಇಂಗ್ಲಿಷಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು. "ಬ್ಯಾಂಕಿನಲ್ಲಿ ಜನ್ಮವಿಡೀ ಅದನ್ನೇ ಮಾಡಿದೀನಿ."

ನಿತೇಶ ಕಾಂಗರೂ ಮರಿಯನ್ನೇ ನೋಡುತ್ತಿದ್ದ.

ಎಂಟು ವರ್ಷದ ಹಿಂದೆ ಅವರೆಲ್ಲ ಸೂರತ್ತಿನಲ್ಲಿದ್ದರು. ಹಾಲೇಶಪ್ಪ ಬ್ಯಾಂಕಿನ ಮ್ಯಾನೇಜರು, ನಿತೇಶ ಇಂಜಿನಿಯರಿಂಗ್ ಓದುತ್ತಿದ್ದ. ರಜೆ ಬಂತೆಂದರೆ ಸೂರತ್ತಿನವರು ದಮನ್‌ಗೆ ಓಡುತ್ತಾರೆ, ಸಮುದ್ರ ನೋಡಲು ಅಂತ ಒಂದು ಹೆಸರು. ಗುಜರಾತಿನಲ್ಲಿ ಹೆಂಡ ನಿಷೇಧ. ಗಡಿ ದಾಟಿದರೆ ಸಾಲುಸಾಲು ಅಂಗಡಿ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಹಾಲೇಶಪ್ಪನವರಿಗೆ ಎರಡು ಬಾಟಲಿ ಕಾರಿನಲ್ಲಿಟ್ಟುಕೊಂಡು ಮನೆಗೆ ಬರುವುದು ಅಪರಾಧ ಅಂತ ಕೊನೆಯವರೆಗೂ ಮನಸ್ಸಿಗೆ ಇಳಿಯಲೇ ಇಲ್ಲ. ಆ ಸಲ ಎರಡಲ್ಲ, ದೊಡ್ಡ ಸಾಹೇಬರ ಬೀಳ್ಕೊಡುಗೆಗೆ ಅಂತ ಒಂದು ಪೆಟ್ಟಿಗೆಯನ್ನೇ ತಗೊಂಡು ಡಿಕ್ಕಿಯಲ್ಲಿ ಹೆಂಡತಿಯ ಸೀರೆಯ ಬ್ಯಾಗಿನಡಿ ತುರುಕಿದ್ದರು.

ವಲ್ಸಾಡಿನ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. ಕಾರು ಓಡಿಸುತ್ತಿದ್ದವನು ನಿತೇಶ. ಡಿಕ್ಕಿ ತೆಗೆಸಿದರು, ಸೀರೆಗಳನ್ನು ರಸ್ತೆಯ ಧೂಳಿಗೆ ಎಳೆದು ಹಾಕಿದರು. ಯಾರದ್ದು ಅಂತ ಕೇಳಿದಾಗ ಹಾಲೇಶಪ್ಪ ಪಿಸುಗುಟ್ಟಲೂ ಇಲ್ಲ. ಪೊಲೀಸರ ಎದುರಿಗೇ, ಗಟ್ಟಿಯಾಗಿ, ಅವರಿಗೆ ತಿಳಿಯದಿರಲಿ ಅಂತ ಕನ್ನಡದಲ್ಲಿ ಹೇಳಿದರು.

"ನಿಂದು ಅನ್ನಪ್ಪ. ನಂಗೆ ಪ್ರಮೋಷನ್ ಇಂಟರ್‌ವ್ಯೂ ಐತೆ, ಸಸ್ಪೆಂಡ್ ಆಗಿಬಿಡ್ತೀನಿ. ನೀನು ಓದೋ ಹುಡುಗ, ಬೈದು ಬಿಟ್ಬಿಡ್ತಾರೆ."

ಹಿಂದಿನ ಸೀಟಿನಲ್ಲಿದ್ದ ಸುಭದ್ರಾ ಆ ಮಾತು ಕೇಳಿದಳು. ಬಾಯಿ ಬಿಡಲಿಲ್ಲ. ಠಾಣೆಯಲ್ಲಿ ಸಹಿ ಮಾಡಲು ಪೆನ್ನನ್ನೂ ಹಾಲೇಶಪ್ಪನವರೇ ಮಗನ ಕೈಗೆ ಕೊಟ್ಟರು. ಕ್ಯಾಪು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಬ್ಯಾಂಕಿನವರ ಅಭ್ಯಾಸ. ಗಿರಾಕಿಗಳು ಮರೆತು ಪೆನ್ನು ಜೇಬಿಗಿಳಿಸಿ ಹೋಗಬಾರದಲ್ಲ. ಆಮೇಲೆ ವಕೀಲನೊಬ್ಬ, ಒಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಅಂದ. ಮುಗಿಯಿತು. ಹಾಲೇಶಪ್ಪನವರಿಗೆ ಪ್ರಮೋಷನ್ನೂ ಬಂತು.

ಹೋದ ವರ್ಷ ನಿತೇಶನಿಗೆ ಮದುವೆಯಾಯಿತು. ಮೇದಿನಿ ಅಡಿಲೇಡಿನಲ್ಲಿ ನರ್ಸು, ಅಲ್ಲಿಯ ಪೌರತ್ವ ಇರುವವಳು. ಗಂಡನ ವೀಸಾಗೆ ಅವಳು ಅರ್ಜಿ ಹಾಕಿದಾಗ ಇಲ್ಲಿಯ ಕಡೆಯ ಫಾರಂ ತುಂಬಿದವರು ಹಾಲೇಶಪ್ಪ. ಶಿಕ್ಷೆ ಆಗಿದೆಯೇ ಎಂಬ ಪ್ರಶ್ನೆ ಬಂದಾಗ ನಿತೇಶ ತಡೆದಿದ್ದ.

"ಟ್ರಾಫಿಕ್ಕಿನವನಿಗೆ ದಂಡ ಕಟ್ಟಿದಂಗೆ ಅದು," ಎಂದಿದ್ದರು ಅಪ್ಪ. "ಅದನ್ನೆಲ್ಲ ಶಿಕ್ಷೆ ಅಂತಾರೇನೋ? ಬ್ಯಾಂಕಿನಾಗೆ ಇಂಥವು ಸಾವಿರ ತುಂಬೀನಿ. ಇಲ್ಲ ಅಂತ ಹಾಕು."

ಪೊಲೀಸರ ಕಾಗದದಲ್ಲಿ ಅದು ಶಿಕ್ಷೆ ಅಂತಲೇ ಇತ್ತು. ಎರಡೂ ತಾಳೆಯಾಗದೆ ವೀಸಾದವರು ವಿವರಣೆ ಕೇಳಿ ಬರೆದಿದ್ದರು. ಈಗ ಅಡಿಲೇಡಿನಲ್ಲಿ ಮೇದಿನಿಗೆ ದಿನ ತುಂಬುತ್ತ ಬಂದಿತ್ತು, ಇಲ್ಲಿ ನಿತೇಶ ಸೂರತ್ತಿನ ಹತ್ತಿರದ ಹಜೀರಾದ ಫ್ಯಾಕ್ಟರಿಯಿಂದ ರಜೆ ಹಾಕಿ ಬಂದು ಪಶ್ಚಾತ್ತಾಪ ಪಡಬೇಕಿತ್ತು. ಶುಕ್ರವಾರದೊಳಗೆ ಉತ್ತರ ಹೋಗದಿದ್ದರೆ, ಅಥವಾ ಹೋದ ಉತ್ತರ ಅವರಿಗೆ ಹಿಡಿಸದಿದ್ದರೆ, ಮಗು ಅಪ್ಪನ ಮುಖವನ್ನು ಫೋನಿನಲ್ಲೇ ನೋಡುತ್ತ ಬೆಳೆಯುವುದು.

ಆಫೀಸಿನಿಂದ ವಸ್ತ್ರಾಪುರದ ತಮ್ಮ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ನಿತೇಶ ಊಟದ ಟೇಬಲ್ಲಿನ ಮೇಲೆ ಹಾಳೆ ಹಾಸಿಕೊಂಡು ಕೂತ. ಹಾಲೇಶಪ್ಪ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಚಪ್ಪಲಿ ಗೂಡಿನ ಮೇಲಿನ ಕಪಾಟು ತೆಗೆದು ಬಾಟಲಿ ಇಳಿಸಿಕೊಂಡರು. ಈಗ ಅವರಿಗೆ ಪರ್ಮಿಟ್ ಇತ್ತು. ರಿಟೈರ್ ಆದ ಮೇಲೆ ಡಾಕ್ಟರರ ಎದುರು ಕೂತು, ನಿದ್ದೆ ಬರಲ್ಲ, ಎದೆ ಡವಡವ ಅಂತೈತೆ ಅಂತ ಹೇಳಿ ಸರಕಾರದಿಂದಲೇ ಪಡೆದ ಪರ್ಮಿಟ್. ಆರೋಗ್ಯಕ್ಕಾಗಿ! ಗರಿಗರಿ ಖಾಖ್ರಾ ರೊಟ್ಟಿ ನಂಚಿಕೊಂಡು ಆರೋಗ್ಯ ಕುಡಿಯುತ್ತಿದ್ದರು. ತನ್ನದು ಲಿಂಗಪೂಜೆ ಮಾಡುವ ಕೈ ಅಂತ ಸುಭದ್ರಾ ಆ ಬಾಟಲಿಯನ್ನಾಗಲಿ ಲೋಟವನ್ನಾಗಲಿ ಒಂದು ದಿನ ಮುಟ್ಟಿದವಳಲ್ಲ. ಅವರೇ ತೊಳೆದಿಟ್ಟುಕೊಳ್ಳಬೇಕು.

ಲೋಟ ಪಕ್ಕಕ್ಕಿಟ್ಟುಕೊಂಡು ಅವರು ಮಗ ಬರೆದದ್ದನ್ನು ಎಳೆದುಕೊಂಡರು. ಕನ್ನಡಕ ಮೂಗಿನ ತುದಿಗೆ ಬಂತು.

"ಇದೇನಪ್ಪ, ಬರೇ ಸಾರಿ? ಬಸ್ಸಿನಾಗೆ ಕಾಲು ತುಳಿದ್ರೆ ಸಾರಿ ಅಂತಾರೆ. ಆಳವಾದ ವಿಷಾದ ಅಂತ ಬರಬೇಕು. ಮೊದಲನೇ ಪ್ಯಾರಾದಾಗೇ ಬರಬೇಕು."

"ನೀವೇ ಬರೆದುಬಿಡಿ ಅಪ್ಪಾಜಿ."

"ಬರೀತೀನಿ ತಾಳು. ನಿಮ್ಮ ಜನರೇಷನ್‌ಗೆ ಲೆಟರ್ ಬರೆಯೋಕೇ ಬರಲ್ಲ."

ಹಳೇ ಇಂಕಿನ ಪೆನ್ನು ಹೊರಬಂತು. ಹೊಸ ಹಾಳೆ ತೆಗೆದುಕೊಂಡು ಬರೆಯತೊಡಗಿದರು. ಒಂದೊಂದು ವಾಕ್ಯ ಮುಗಿದಾಗಲೂ ಒಂದು ಗುಟುಕು, ಖಾಖ್ರಾದ ಒಂದು ಚೂರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಸುಭದ್ರಾ ನೋಡುತ್ತಿದ್ದಳು. ಆ ಮುಖದಲ್ಲಿ ಬೇಸರವಿರಲಿಲ್ಲ. ಉತ್ಸಾಹವಿತ್ತು. ರಿಟೈರ್ ಆದ ಮೇಲೆ ಇಂಥ ಕೆಲಸ ಸಿಕ್ಕಿರಲಿಲ್ಲವಲ್ಲ ಪಾಪ.

"ನಿನಗೆ ಕುಡಿತದ ಚಟ ಇಲ್ಲ, ಅವತ್ತೊಂದಿನ ಸಹವಾಸದೋಷ, ಹಂಗೆ ತರಲೇನೋ?" ಎಂದು ಕೇಳಿದರು.

ನಿತೇಶ ತಲೆಯೆತ್ತಿದ. "ಅಪ್ಪಾಜಿ, ವಿಸ್ಕಿ ರುಚಿ ಹೆಂಗಿರುತ್ತೆ?"

"ಏನು?"

"ಅದು ಗೊತ್ತಿದ್ದಿದ್ರೆ ಇನ್ನೂ ಚೆನ್ನಾಗಿ ಪಶ್ಚಾತ್ತಾಪ ಪಡ್ತಿದ್ದೆ. ಸಹವಾಸ ಅಂದ್ರಲ್ಲ, ಯಾರ ಸಹವಾಸ? ಆ ಕಾರಲ್ಲಿ ಅಮ್ಮ ಇದ್ರು, ನೀವಿದ್ರಿ. ಇಬ್ಬರಲ್ಲಿ ಯಾರ ಹೆಸರು ಬರೀತೀರಿ? ಬೋಲೋ ನಾ!"

ಹಾಲೇಶಪ್ಪನವರ ಮುಖ ಕೆಂಪಾಯಿತು. "ನಿನ್ನ ಒಳ್ಳೇದಕ್ಕೇ ಕೂತೀನಿ ಇಲ್ಲಿ. ದನಿ ಏರಿಸಬ್ಯಾಡ."

"ಏರಿಸ್ಲಿ ಬಿಡ್ರಿ!" ಸುಭದ್ರಾ ಒಳಗೆ ಬಂದಿದ್ದಳು. "ಎಂಟು ವರ್ಷ ಇಳಿಸಿಕೊಂಡೇ ಇದ್ದಾನೆ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ನಮ್ಮನೇಲಿ ಇನ್ನೂ ಒಂದು ಹೆಜ್ಜೆ ಮುಂದೆ. ಬಾಯಿ ಹೆಂಗೆ ತೊಳ್ಕೋಬೇಕು ಅಂತ ಮೇಕೆಗೆ ಕೋತಿನೇ ಪಾಠ ಹೇಳ್ತೈತೆ!"

"ಸುಭದ್ರಾ!"

"ಏನ್ ಸುಭದ್ರಾ? ಅವತ್ತು ಹಿಂದಿನ ಸೀಟಿನಾಗೆ ಮೂಗಿ ಹಂಗೆ ಕೂತೆನಲ್ಲ, ಅದಕ್ಕೆ ನನ್ನ ಬಾಯಿಗೆ ಮಣ್ಣು ಹಾಕಬೇಕು. ಏನು ಬರೆದೀರಿ, ಓದ್ರಿ."

ಅವರು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಓದಿದರು. ಓದುತ್ತ ಓದುತ್ತ ದನಿಗೆ ಹಳೇ ಠೀವಿ ಬಂತು. ಕೊನೆಯ ವಾಕ್ಯವಂತೂ ಅವರಿಗೇ ಇಷ್ಟವಾದಂತಿತ್ತು.

"ನಂಗೆ ತಿಳಿಯಲ್ಲ. ಕನ್ನಡದಾಗೆ ಹೇಳ್ರಿ," ಎಂದಳು ಸುಭದ್ರಾ.

"ನಿಂಗ್ಯಾಕೆ? ಇದು ಹೋಗೋದು ಆಸ್ಟ್ರೇಲಿಯಕ್ಕೆ."

"ಅವತ್ತು ರೋಡಿನಾಗೆ ಕನ್ನಡದಾಗೇ ಹೇಳಿದ್ರಲ್ಲ. ಇವತ್ತೂ ಕನ್ನಡದಾಗೇ ಹೇಳ್ರಿ. ಇವನ ಮುಂದೆ ಹೇಳ್ರಿ."

ಹಾಲೇಶಪ್ಪನವರ ಕೈ ಲೋಟದ ಕಡೆ ಹೋಯಿತು. ಸುಭದ್ರಾ ಮುಂದೆ ಬಾಗಿ ಆ ಲೋಟವನ್ನು ಎತ್ತಿಕೊಂಡಳು, ತನ್ನ ಕೈಯಿಂದಲೇ. ತೆಗೆದುಕೊಂಡು ಹೋಗಿ ಚಪ್ಪಲಿ ಗೂಡಿನ ಮೇಲಿಟ್ಟು ಬಂದಳು. ಗಂಡ ಅವಳ ಕೈಯನ್ನೇ ನೋಡಿದರು.

"ಹೇಳ್ರಿ."

"'ಆ ಬಾಟಲಿಗಳು ನನ್ನವು,'" ಎಂದರು ಅವರು. "ನನ್ನವು ಅಂದ್ರೆ, ಇವನವು."

"ಇವನವು ಅಂತ ಬರೆದೀರೇನು?"

"ಇಲ್ಲ."

"ಬರೆದಂಗೆ ಓದ್ರಿ."

"'ಆ ಬಾಟಲಿಗಳು ನನ್ನವು. ಅದಕ್ಕೆ ಬೇರೆ ಯಾರೂ ಕಾರಣರಲ್ಲ. ಕಾನೂನು ಗೊತ್ತಿದ್ದೂ ಅವನ್ನು ತಂದೆ.'" ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡರು. "'ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟದ್ದು ಎರಡನೇ ತಪ್ಪು. ಅದು ನನ್ನ ಅಹಂಕಾರ.'"

"ಮುಂದೆ."

"ಸಾಕು ಬಿಡು. ಉಳಿದಿದ್ದು ಮಾಮೂಲಿ."

"ಮುಂದೆ ಓದ್ರಿ."

ಫ್ಯಾನು ತಿರುಗುತ್ತಿತ್ತು. ನಿತೇಶ ಟೇಬಲ್ಲಿನ ಮೇಲೆ ಎರಡೂ ಮೊಣಕೈ ಊರಿ ಅಪ್ಪನನ್ನು ನೋಡುತ್ತಿದ್ದ. ಮಗ ಹೀಗೆ ನೇರ ನೋಡಿದ್ದು ಯಾವಾಗ ಅಂತ ಸುಭದ್ರಾಗೆ ನೆನಪಾಗಲಿಲ್ಲ.

"'ನನ್ನನ್ನು ನಂಬಿದವರ ಹೆಸರಿಗೆ,'" ಎಂದು ಶುರುಮಾಡಿದ ಹಾಲೇಶಪ್ಪ ನಿಂತರು. ಠೀವಿಯೆಲ್ಲ ಇಳಿದಿತ್ತು. "'ನನ್ನನ್ನು ನಂಬಿದವರ ಹೆಸರಿಗೆ ನಾನು ಮಸಿ ಬಳಿದೆ. ನನ್ನ ಹೆಂಡತಿ, ನನ್ನ ಮಗು, ಇವರ ಮುಂದೆ ನಿಲ್ಲೋಕೆ ನನಗೆ...'"

ಅಲ್ಲಿಗೆ ಅವರ ದನಿ ಹೋಯಿತು. ಹಾಳೆಯಲ್ಲಿ ಇನ್ನೂ ಒಂದು ಪದವಿತ್ತು. ಅದನ್ನು ಅವರು ಬರೆದಿದ್ದರು, ಚೆನ್ನಾಗಿಯೇ ಬರೆದಿದ್ದರು. ಈಗ ಹೇಳಲಾಗಲಿಲ್ಲ. ಯಾರೂ ಹೇಳಿಕೊಡಲೂ ಇಲ್ಲ.

ಅಷ್ಟರಲ್ಲಿ ನಿತೇಶನ ಫೋನು ಬಡಿದುಕೊಂಡಿತು. ಮೇದಿನಿ. ಅವಳ ದನಿ ಎಲ್ಲರಿಗೂ ಕೇಳಿಸುತ್ತಿತ್ತು, ಅತ್ತು ಅತ್ತು ಕಟ್ಟಿದ ದನಿ. "ಬರೆದಾಯ್ತಾ ನಿತೇಶ್?"

"ಆಯ್ತು ಕಣೇ. ಅಪ್ಪಾಜಿನೇ ಬರೆದ್ರು," ಎಂದ ನಿತೇಶ. "ಚೆನ್ನಾಗಿ ಬರೆದಿದಾರೆ. ಎಲ್ಲಾ ನಿಜಾನೇ ಬರೆದಿದಾರೆ."

ಫೋನಿಟ್ಟು ಅವನು ಕೈ ಚಾಚಿದ. ಹಾಲೇಶಪ್ಪ ಹಾಳೆ ಕೊಟ್ಟರು, ಪೆನ್ನು ಕೊಟ್ಟರು. ಕ್ಯಾಪು ಮಾತ್ರ ಅವರ ಕೈಯಲ್ಲೇ ಇತ್ತು. ನಿತೇಶ ಬುಡದಲ್ಲಿ ತನ್ನ ಹೆಸರು ಹಾಕಿದ, ಹೊತ್ತು ತೆಗೆದುಕೊಂಡು, ಒಂದೊಂದು ಅಕ್ಷರ ಬಿಡಿಸಿ. ಮಸಿ ಆರಲೆಂದು ಹಾಳೆಯನ್ನು ಎರಡು ಸಲ ಬೀಸಿ ಮಡಚಿದ. ಅಭ್ಯಾಸದಂತೆ ಅಪ್ಪನ ಕೈ ಪೆನ್ನಿಗಾಗಿ ಮುಂದೆ ಬಂತು. ಆ ಕೈಯನ್ನು ಅವನು ನೋಡಿದ. ನೋಡಿ, ಪೆನ್ನನ್ನು ಕ್ಯಾಪಿಲ್ಲದೆ ಹಾಗೇ ತನ್ನ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ.

"ಸೂರತ್ ಟ್ರೇನಿಗೆ ಹೊತ್ತಾಯ್ತಮ್ಮ. ಬರ್ತೀನಿ."

"ಊಟ ಮಾಡ್ಕೊಂಡು ಹೋಗೋ."

"ಸ್ಟೇಷನ್ನಲ್ಲಿ ಏನಾದ್ರೂ ತಿಂತೀನಿ."

ಬಾಗಿಲವರೆಗೆ ಹೋಗುವಷ್ಟರಲ್ಲೇ ಬಿಳಿ ಅಂಗಿಯ ಜೇಬಿನ ತಳದಲ್ಲಿ ನೀಲಿ ಕಲೆ ಹರಡುತ್ತಿತ್ತು. ಸುಭದ್ರಾ ಕಂಡಳು, ಹೇಳಲಿಲ್ಲ. ಅವನು ಚಪ್ಪಲಿ ಗೂಡಿನ ಮೇಲಿದ್ದ ಲೋಟ ಅಲುಗದಂತೆ ಬೂಟು ತೆಗೆದುಕೊಂಡು, ಮೆಟ್ಟಿಲ ಮೇಲೆ ಕೂತು ಹಾಕಿಕೊಂಡು, ಇಳಿದು ಹೋದ.

ಅವಳು ಟೇಬಲ್ಲಿನ ಮೇಲಿನ ಖಾಖ್ರಾದ ತಟ್ಟೆ ಎತ್ತಿ, ಚೂರುಗಳನ್ನು ಒರೆಸಿದಳು. ಹಾಲೇಶಪ್ಪನವರು ಎದ್ದಿರಲಿಲ್ಲ. ಪೆನ್ನಿನ ಕ್ಯಾಪು ಅವರ ಮುಷ್ಟಿಯಲ್ಲಿತ್ತು. ಬಟ್ಟೆ ಅಲ್ಲಿಯವರೆಗೆ ಬಂದಾಗ ಅವರು ಕೈ ಎತ್ತಿದರು. ಅವಳು ಅದರ ಕೆಳಗೂ ಒರೆಸಿ ಒಳಗೆ ಹೋದಳು.